ನೆನಪುಗಳಿಗೆ ನಗೆಯ ದನಿ ಕೊಟ್ಟ ಪು. ಲ. ದೇಶಪಾಂಡೆ

ಪುರುಷೋತ್ತಮ ಲಕ್ಷ್ಮಣ ದೇಶಪಾಂಡೆ (1919–2000) ಇಪ್ಪತ್ತನೆಯ ಶತಮಾನದ ಮರಾಠಿಯ ಅತ್ಯಂತ ಜನಪ್ರಿಯ ಹಾಸ್ಯ ಬರಹಗಾರ. ಓದುಗರಿಗೆ ಅವರು ‘ಪು. ಲ.’, ಹತ್ತಿರದವರಿಗೆ ‘ಭಾಯಿ’. ನಟ, ನಾಟಕಕಾರ, ಚಿತ್ರ ನಿರ್ದೇಶಕ, ಸಂಗೀತ ಸಂಯೋಜಕ, ಪೇಟಿ ವಾದಕ, ಅಧ್ಯಾಪಕ, ಆಕಾಶವಾಣಿಯ ನಿರ್ಮಾಪಕ, ಭಾರತದ ದೂರದರ್ಶನ ಕಣ್ಣು ಬಿಡುತ್ತಿದ್ದ ದಿನಗಳ ಕಾರ್ಯಕರ್ತ, ಹೀಗೆ ಅವರು ವಹಿಸಿದ ಪಾತ್ರಗಳು ಹತ್ತಾರು. ಆದರೆ ಅವರ ಹೆಸರನ್ನು ಇಂದಿಗೂ ಮನೆಮನೆಯಲ್ಲಿ ಉಳಿಸಿರುವುದು ಒಂದೇ ಬಗೆಯ ಕೃಷಿ. ತಾವು ಕಂಡ ಜನರನ್ನು, ಬಾಳಿದ ಓಣಿಗಳನ್ನು, ಮಾಡಿದ ಪ್ರವಾಸಗಳನ್ನು ನೆನಪಿನಿಂದ ತೆಗೆದು ನಗಿಸುತ್ತ ಹೇಳುವುದು. ಈ ಬರಹ ಕಣ್ಣಿಗಿಂತ ಮೊದಲು ಕಿವಿಗೆ ಸಲ್ಲುವಂಥದ್ದು. ಅದರ ಬಲವಿರುವುದು ಅಲ್ಲಿಯೇ.

ಪು. ಲ. ಅವರ ವೃತ್ತಿಜೀವನದ ಬಹುಭಾಗ ಮುಂಬಯಿ ಮತ್ತು ಪುಣೆಗಳ ನಡುವೆ ಹಂಚಿಹೋಯಿತು. ಕೊನೆಯ ವರ್ಷಗಳು ಪುಣೆಯಲ್ಲೇ ಕಳೆದವು. ಅವರ ಮನೆತನದ ಬೇರು, ಅಧ್ಯಾಪನದ ಕೆಲವು ವರ್ಷಗಳು, ಆತ್ಮೀಯ ಗೆಳೆತನಗಳಲ್ಲಿ ಹಲವು ಬೆಳಗಾವಿ ಮತ್ತು ಧಾರವಾಡ ಸೀಮೆಗೆ ಸೇರಿದವು. ಆದ್ದರಿಂದ ಕನ್ನಡ ಓದುಗರಿಗೆ ಅವರು ಪಕ್ಕದ ಮನೆಯವರಷ್ಟೇ ಹತ್ತಿರದವರು.

ಜೇಜುರಿಯ ಸೀಮೆ ಮತ್ತು ನಗೆಯ ಪರಂಪರೆ

ಪು. ಲ. ಅವರ ನಗೆಗೆ ಕಿವಿಗೊಟ್ಟ ಪ್ರೇಕ್ಷಕ ಎಂಥ ನೆಲದವನು ಎಂದು ತಿಳಿಯಲು ಮೊದಲು ಜೇಜುರಿಯತ್ತ ನೋಡಬೇಕು. ಪುಣೆಯಿಂದ ಆಗ್ನೇಯಕ್ಕೆ ಸುಮಾರು 50 ಕಿಲೋಮೀಟರ್ ದೂರದಲ್ಲಿ, ಪುರಂದರ ತಾಲ್ಲೂಕಿನಲ್ಲಿ ಜೇಜುರಿ ಇದೆ. ಗುಡ್ಡದ ಮೇಲೆ ಖಂಡೋಬನ ಗುಡಿ, ಕೆಳಗೆ ಊರು. ಭಕ್ತರು ಎರಚುವ ಅರಿಸಿನದ ಭಂಡಾರದಿಂದ ಮೆಟ್ಟಿಲು, ಕಲ್ಲುಗಳೆಲ್ಲ ಹಳದಿಯಾಗಿರುತ್ತವೆ. ಕರ್ನಾಟಕದ ಭಕ್ತರು ಇದೇ ದೇವರನ್ನು ಮೈಲಾರಲಿಂಗ ಎಂದು ಪೂಜಿಸುತ್ತಾರೆ. ಮೈಲಾರ, ದೇವರಗುಡ್ಡ, ಮಂಗಸೂಳಿಯ ಗುಡಿಗಳಿಗೂ ಜೇಜುರಿಗೂ ಒಂದೇ ಭಕ್ತಿಯ ನಂಟು. ನಮ್ಮಲ್ಲಿ ಗೊರವರು ಮಾಡುವ ಸೇವೆಯನ್ನು ಅಲ್ಲಿ ವಾಘ್ಯಾ ಮತ್ತು ಮುರಳಿಯರು ಮಾಡುತ್ತಾರೆ. ರಾತ್ರಿಯಿಡೀ ನಡೆಯುವ ಜಾಗರಣದಲ್ಲಿ ಅವರು ದೇವರ ಕಥೆಯನ್ನು ಹಾಡಿ, ಕುಣಿದು, ಮಾತು ಬೆರೆಸಿ ಹೇಳುತ್ತಾರೆ. ಖಂಡೋಬನ ಇಬ್ಬರು ಹೆಂಡಿರಾದ ಮ್ಹಾಳಸಾ ಮತ್ತು ಬಾಣಾಯಿಯರ ಸವತಿ ಜಗಳ ಈ ಹಾಡುಗಳಲ್ಲಿ ನೆರೆದವರನ್ನು ನಗಿಸುವ ಭಾಗ. ಭಕ್ತಿಗೂ ನಗೆಗೂ ಅಲ್ಲಿ ವೈರವಿಲ್ಲ.

ಈ ಸೀಮೆ ಪ್ರದರ್ಶನ ಕಲೆಗೆ ಹಲವರನ್ನು ಕೊಟ್ಟಿದೆ. ಪೇಶ್ವೆಯರ ಕೊನೆಗಾಲದ ಹೆಸರಾಂತ ಲಾವಣಿಕಾರ ಸಗನಭಾವು ಜೇಜುರಿಯ ಶಾಹೀರ. ಇದೇ ತಾಲ್ಲೂಕಿನ ಸಾಸವಡದ ಬಳಿಯ ಕೋಡೀತ ಗ್ರಾಮದಲ್ಲಿ 1898ರಲ್ಲಿ ಹುಟ್ಟಿದವರು ಆಚಾರ್ಯ ಪ್ರಹ್ಲಾದ ಕೇಶವ ಅತ್ರೆ. ವಿಡಂಬನ ಕವಿತೆ, ಪ್ರಹಸನ, ಪತ್ರಿಕೆ, ವೇದಿಕೆಯ ಭಾಷಣ ಎಲ್ಲದರಲ್ಲೂ ಅವರು ಮಹಾರಾಷ್ಟ್ರವನ್ನು ನಗಿಸಿದರು. ಅವರು ನಿರ್ದೇಶಿಸಿದ ‘ಶ್ಯಾಮಚೀ ಆಯೀ’ ಚಿತ್ರ 1954ರಲ್ಲಿ ರಾಷ್ಟ್ರಪತಿಗಳ ಮೊದಲ ಸ್ವರ್ಣಪದಕ ಪಡೆಯಿತು. ಹಲವು ಸಂಪುಟಗಳ ತಮ್ಮ ಆತ್ಮಕಥೆಗೆ ಅವರು ‘ಕರ್‍ಹೇಚೇ ಪಾಣೀ’ ಎಂದು ಹೆಸರಿಟ್ಟರು. ಕರ್‍ಹಾ ಎಂದರೆ ಸಾಸವಡ ಮತ್ತು ಜೇಜುರಿಯ ಬಳಿ ಹರಿಯುವ ಹೊಳೆ. ಸೋಮವತಿ ಅಮಾವಾಸ್ಯೆಯಂದು ಖಂಡೋಬನ ಪಲ್ಲಕ್ಕಿ ಸ್ನಾನಕ್ಕೆ ಹೋಗುವುದು ಇದೇ ಹೊಳೆಗೆ.

ಪು. ಲ. ಜೇಜುರಿಯವರಲ್ಲ, ಮುಂಬಯಿಯಲ್ಲಿ ಹುಟ್ಟಿದವರು. ಆದರೆ ಅವರು ನಂಬಿಕೊಂಡ ಪ್ರೇಕ್ಷಕ ಇಂಥ ನೆಲದಲ್ಲೇ ತಯಾರಾದವನು. ಒಬ್ಬನೇ ನಿಂತು ಹಾಡು, ಕಥೆ, ನಟನೆ, ನೆರೆದವರೊಡನೆ ಮಾತು ಎಲ್ಲವನ್ನೂ ಒಟ್ಟಿಗೆ ನಡೆಸಿದರೆ ಅದನ್ನು ಕೂತು ಕೇಳುವ ಅಭ್ಯಾಸವನ್ನು ಕೀರ್ತನ, ಜಾಗರಣ, ಜಾನಪದ ನಾಟಕವಾದ ತಮಾಷಾಗಳು ಮಹಾರಾಷ್ಟ್ರದ ಜನರಿಗೆ ಮೊದಲೇ ಕಲಿಸಿದ್ದವು. ಪು. ಲ. ಈ ಅಭ್ಯಾಸವನ್ನು ನಗರದ ನಾಟಕಮಂದಿರಕ್ಕೂ ಬಾನುಲಿಗೂ ತಂದರು. 1951ರ ಅವರ ‘ಪುಢಾರೀ ಪಾಹಿಜೇ’ ಜಾನಪದ ನಾಟಕದ ಧಾಟಿಯದು. ಬ್ರೆಕ್ಟ್‌ನ ನಾಟಕವನ್ನು ಆಧರಿಸಿ 1978ರಲ್ಲಿ ರಂಗಕ್ಕೆ ತಂದ ಕೃತಿಯನ್ನೂ ಅವರು ‘ತೀನ ಪೈಶಾಚಾ ತಮಾಷಾ’ ಎಂದೇ ಕರೆದರು.

ಮುಂಬಯಿಯಿಂದ ಬೆಳಗಾವಿಗೆ

ಪು. ಲ. ಹುಟ್ಟಿದ್ದು 1919ರ ನವೆಂಬರ್ 8ರಂದು. ಮನೆತನದ ಮೂಲ ಚಂದಗಡ ತಾಲ್ಲೂಕು. ಇಂದು ಕೊಲ್ಹಾಪುರ ಜಿಲ್ಲೆಯಲ್ಲಿರುವ ಈ ತಾಲ್ಲೂಕು 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಬೆಳಗಾವಿ ಜಿಲ್ಲೆಯಲ್ಲಿತ್ತು. ತಾಯಿಯ ತಂದೆ ವಾಮನ ಮಂಗೇಶ ದುಭಾಷಿ ವಿದ್ವಾಂಸರು. ರವೀಂದ್ರನಾಥ ಠಾಕೂರರ ‘ಗೀತಾಂಜಲಿ’ಯನ್ನು ಅವರು ‘ಅಭಂಗ ಗೀತಾಂಜಲಿ’ ಎಂಬ ಹೆಸರಿನಲ್ಲಿ ಮರಾಠಿಗೆ ತಂದಿದ್ದರು. ಮನೆಯಲ್ಲಿ ಹಾಡು, ಓದು, ಹರಟೆಗೆ ಕೊರತೆ ಇರಲಿಲ್ಲ. ಮುಂಬಯಿಯ ವಿಲೇಪಾರ್ಲೆಯಲ್ಲಿ ಅವರು ಬೆಳೆದರು. ಅಲ್ಲಿನ ಪಾರ್ಲೆ ಟಿಳಕ ವಿದ್ಯಾಲಯದಲ್ಲಿ ಶಾಲೆ ಕಲಿತರು, ಚಿಕ್ಕಂದಿನಲ್ಲೇ ಪೇಟಿ ನುಡಿಸುವುದನ್ನೂ ಕಲಿತರು. ಪುಣೆಯ ಫರ್ಗ್ಯುಸನ್ ಕಾಲೇಜು ಮತ್ತು ಸಾಂಗಲಿಯ ವಿಲಿಂಗ್ಡನ್ ಕಾಲೇಜುಗಳಲ್ಲಿ ಓದಿದರು. ಕಾನೂನು ಪದವಿಯನ್ನೂ ಪಡೆದರು, ಆದರೆ ವಕೀಲಿ ಅವರ ದಾರಿಯಾಗಲಿಲ್ಲ.

1946ರ ಜೂನ್ 12ರಂದು ರತ್ನಾಗಿರಿಯ ಸುನೀತಾ ಠಾಕೂರ್ ಅವರೊಡನೆ ಮದುವೆಯಾಯಿತು. 1942ರ ಚಳವಳಿಯಲ್ಲಿ ಭಾಗವಹಿಸಿದ್ದ ಸುನೀತಾ ಮುಂದೆ ಗಂಡನ ರಂಗಜೀವನದ ಬೆನ್ನೆಲುಬಾದರು. ಪ್ರದರ್ಶನಗಳ ವ್ಯವಸ್ಥೆ, ಲೆಕ್ಕಪತ್ರ, ಗೌರವಧನದ ಶಿಸ್ತು, ವೇದಿಕೆಯ ಮೇಲಿನ ಪಾತ್ರ ಎಲ್ಲದರಲ್ಲೂ ಅವರ ಕೈ ಇತ್ತು. ದಾಂಪತ್ಯವನ್ನು ನಿಷ್ಠುರವಾಗಿ ಪರಿಶೀಲಿಸುವ ಅವರ ಆತ್ಮಕಥನ ‘ಆಹೇ ಮನೋಹರ ತರೀ’ 1990ರಲ್ಲಿ ಪ್ರಕಟವಾಗಿ ಮರಾಠಿಯ ಮುಖ್ಯ ಆತ್ಮಕಥೆಗಳಲ್ಲಿ ಒಂದೆನಿಸಿತು. ಪು. ಲ. ನೆನಪುಗಳನ್ನು ನಗೆಯಾಗಿಸಿದರೆ, ಸುನೀತಾ ಅದೇ ಬದುಕನ್ನು ಪ್ರಶ್ನೆಯಾಗಿಸಿದರು. ಎರಡನ್ನೂ ಜೊತೆಗಿಟ್ಟು ಓದಿದವರಿಗೆ ಆ ಕಾಲದ ಮಧ್ಯಮ ವರ್ಗದ ಮನೆಯ ಪೂರ್ಣ ಚಿತ್ರ ಸಿಗುತ್ತದೆ.

ಮುಂಬಯಿಯ ಓರಿಯೆಂಟಲ್ ಹೈಸ್ಕೂಲಿನಲ್ಲಿ ಶಿಕ್ಷಕರಾಗಿದ್ದ ಪು. ಲ. ಮುಂದೆ ಬೆಳಗಾವಿಯ ರಾಣಿ ಪಾರ್ವತಿದೇವಿ ಕಾಲೇಜಿನಲ್ಲಿ ಅಧ್ಯಾಪಕರಾದರು. ಕನ್ನಡ, ಮರಾಠಿ, ಕೊಂಕಣಿ ಮೂರೂ ಬೀದಿಯಲ್ಲಿ ಬೆರೆಯುವ ಊರು ಅದು. ಸಂಗೀತ ಬೈಠಕ್, ನಾಟಕ ಕಂಪನಿ, ಸಿನಿಮಾ ಟಾಕೀಸುಗಳ ಊರೂ ಹೌದು. ಜನರ ಮಾತಿನ ಧಾಟಿಯನ್ನು ಕಿವಿಯಲ್ಲೇ ಹಿಡಿದಿಟ್ಟುಕೊಳ್ಳುವ ಅಧ್ಯಾಪಕರಿಗೆ ಬೆಳಗಾವಿ ಹೇರಳ ಸರಕು ಕೊಟ್ಟಿತು. ಆ ದಿನಗಳ ಗೆಳೆತನದಿಂದ ಬಂದದ್ದೇ ‘ರಾವಸಾಹೇಬ’ ಎಂಬ ವ್ಯಕ್ತಿಚಿತ್ರ.

ಆಕಾಶವಾಣಿಯ ದಿನಗಳು

ಪುಣೆಯ ಆಕಾಶವಾಣಿ ನಿಲಯ ಆರಂಭವಾದದ್ದು 1953ರಲ್ಲಿ. ಪು. ಲ. 1955ರಲ್ಲಿ ಆಕಾಶವಾಣಿ ಸೇರಿದರು. ನಾಟಕ, ರೂಪಕ, ಭಾಷಣ, ಸಂಗೀತ ಎಲ್ಲದಕ್ಕೂ ಸಲ್ಲುವ ಮನುಷ್ಯನಿಗೆ ಹೇಳಿಮಾಡಿಸಿದ ಕೆಲಸವದು. ಬಾನುಲಿಗೆ ಬರೆಯುವವನ ಬಳಿ ದೃಶ್ಯವಿಲ್ಲ, ವೇಷವಿಲ್ಲ, ಬೆಳಕಿಲ್ಲ. ಪಾತ್ರದ ವಯಸ್ಸು, ಊರು, ಕಸುಬು, ಆ ಹೊತ್ತಿನ ಮನಸ್ಥಿತಿ ಎಲ್ಲವೂ ಮಾತಿನ ಓಟದಿಂದ, ಉಸಿರಿನ ನಿಲುಗಡೆಯಿಂದ, ಪದದ ಆಯ್ಕೆಯಿಂದ ತಿಳಿಯಬೇಕು. ಮುದ್ರಿತ ಪುಟವನ್ನು ಓದುಗ ತಿರುಗಿ ನೋಡಬಹುದು. ಕೇಳುಗನಿಗೆ ಆ ಅವಕಾಶವಿಲ್ಲ. ಹೀಗಾಗಿ ಪ್ರತಿ ವಾಕ್ಯ ಮೊದಲ ಸಲಕ್ಕೇ ಮನಸ್ಸಿಗೆ ಇಳಿಯಬೇಕು. ಪು. ಲ. ಅವರ ಪ್ರೌಢ ಗದ್ಯದಲ್ಲಿ ಈ ಗುಣಗಳು ಎದ್ದು ಕಾಣುತ್ತವೆ. ಅವರ ಪಾತ್ರಗಳನ್ನು ಹೆಸರು ಹೇಳದೆಯೂ ಮಾತಿನಿಂದಲೇ ಗುರುತಿಸಬಹುದು.

ಆಕಾಶವಾಣಿಯಲ್ಲಿದ್ದಾಗಲೇ ಅವರು ತರಬೇತಿಗಾಗಿ ಲಂಡನ್ನಿನ ಬಿಬಿಸಿಗೆ ಹೋದರು. ಯುರೋಪಿನಲ್ಲಿ ಸುತ್ತಾಡಿ, ಅಲ್ಲಿನ ರಂಗಭೂಮಿ ಮತ್ತು ಟೆಲಿವಿಷನ್ ಕೆಲಸವನ್ನು ಹತ್ತಿರದಿಂದ ನೋಡಿದರು. ದೆಹಲಿಯಲ್ಲಿ 1959ರ ಸೆಪ್ಟೆಂಬರ್ 15ರಂದು ಭಾರತದ ಮೊದಲ ಪ್ರಾಯೋಗಿಕ ಟೆಲಿವಿಷನ್ ಪ್ರಸಾರ ಶುರುವಾಯಿತು. ಆ ಹೊಸ ಮಾಧ್ಯಮದ ಮೊದಲ ತಂಡದಲ್ಲಿ ಪು. ಲ. ಇದ್ದರು. ಭಾರತೀಯ ದೂರದರ್ಶನಕ್ಕಾಗಿ ಪ್ರಧಾನಿ ಜವಾಹರಲಾಲ್ ನೆಹರೂ ಅವರನ್ನು ಮೊದಲು ಸಂದರ್ಶಿಸಿದವರು ಎಂಬ ಹಿರಿಮೆ ಅವರದು. ಮುಂದೆ ಅವರು ಸರ್ಕಾರಿ ನೌಕರಿ ಬಿಟ್ಟು ಪೂರ್ಣಾವಧಿಯಾಗಿ ಬರಹ ಮತ್ತು ರಂಗಭೂಮಿಗೆ ಬಂದರು. ಆದರೆ ಮೈಕಿನ ಮುಂದೆ ಕಲಿತ ಪಾಠ ಕೊನೆಯವರೆಗೂ ಜೊತೆಗಿತ್ತು. ಮುಂದಿನ ತಲೆಮಾರು ಅವರ ಕಥನಗಳನ್ನು ಪುಸ್ತಕದಷ್ಟೇ ಕ್ಯಾಸೆಟ್ಟಿನಲ್ಲೂ ಅನುಭವಿಸಿತು. ಇಂದಿಗೂ ಮರಾಠಿ ಮನೆಗಳಲ್ಲಿ ಆ ಧ್ವನಿಮುದ್ರಣಗಳನ್ನು ಬಾಯಿಪಾಠ ಮಾಡಿಕೊಂಡವರು ಸಿಗುತ್ತಾರೆ.

ನೆನಪಿನ ಬರಹದ ನಾಲ್ಕು ದಾರಿಗಳು

ಪು. ಲ. ಕ್ರಮಬದ್ಧವಾದ ಆತ್ಮಕಥೆ ಬರೆಯಲಿಲ್ಲ. ಹುಟ್ಟಿನಿಂದ ಮುಪ್ಪಿನವರೆಗಿನ ವರದಿಗೆ ಬದಲು ನೆನಪುಗಳನ್ನು ಬೇರೆ ಬೇರೆ ರೂಪಗಳಲ್ಲಿ ಹಂಚಿದರು. ಅವುಗಳಲ್ಲಿ ನಾಲ್ಕು ಮುಖ್ಯ.

ಮೊದಲನೆಯದು ಒಂದು ವಠಾರದ ನೆನಪು. 1958ರ ‘ಬಟಾಟ್ಯಾಚೀ ಚಾಳ’ ಮುಂಬಯಿಯ ಒಂದು ಕಾಲ್ಪನಿಕ ಚಾಳದ ಕಥನ. ಸಾಲು ಕೋಣೆಗಳು, ಎಲ್ಲರಿಗೂ ಸೇರಿದ ಉದ್ದನೆಯ ಪಡಸಾಲೆ, ನಲ್ಲಿಯ ಮುಂದೆ ಕೊಡಗಳ ಸಾಲು, ಒಬ್ಬರ ಮನೆಯ ಸುದ್ದಿ ಎಲ್ಲರ ಮನೆಯ ಸುದ್ದಿ. ಅಲ್ಲಿನ ನಿವಾಸಿಗಳು ಪ್ರವಾಸ ಹೊರಡುತ್ತಾರೆ, ಸಂಘ ಕಟ್ಟುತ್ತಾರೆ, ಉಪವಾಸ ಹಿಡಿಯುತ್ತಾರೆ, ಕಲೆಯ ಸೇವೆಗೆ ಇಳಿಯುತ್ತಾರೆ. ದೊಡ್ಡ ಉತ್ಸಾಹದಿಂದ ಶುರುವಾದದ್ದೆಲ್ಲ ಸಣ್ಣ ಗದ್ದಲದಲ್ಲಿ ಮುಗಿಯುತ್ತದೆ. ನಿರೂಪಕ ತೂಕ ಇಳಿಸಲು ಹಿಡಿದ ಉಪವಾಸ ಮತ್ತು ಅದಕ್ಕೆ ಇಡೀ ಚಾಳ ಕೊಡುವ ಸಲಹೆಗಳ ಭಾಗ ಇಂದಿಗೂ ಅತ್ಯಂತ ಜನಪ್ರಿಯ. ಕೊನೆಯ ಅಧ್ಯಾಯದಲ್ಲಿ ಮಾತ್ರ ನಗೆ ತಗ್ಗಿ ಚಿಂತನೆ ಬರುತ್ತದೆ. ಚಾಳದ ಬದುಕು ಮರೆಯಾಗುತ್ತಿದೆ ಎಂಬ ಅರಿವು ಪುಸ್ತಕದ ಹಿಂದಿನ ಪುಟಗಳಿಗೆಲ್ಲ ಹೊಸ ಅರ್ಥ ಕೊಡುತ್ತದೆ.

ಎರಡನೆಯದು ಇನ್ನೊಬ್ಬನ ಹೆಸರಿನಲ್ಲಿ ಹೇಳಿದ ಆತ್ಮಕಥೆ. 1964ರ ‘ಅಸಾ ಮೀ ಅಸಾಮೀ’ಯಲ್ಲಿ ಧೋಂಡೋ ಭಿಕಾಜಿ ಜೋಶಿ ಎಂಬ ಕಾರಕೂನ ತನ್ನ ಬದುಕನ್ನು ತಾನೇ ಹೇಳಿಕೊಳ್ಳುತ್ತಾನೆ. ಕೊಂಕಣದ ಬೇರಿನ, ಮುಂಬಯಿ ಕಚೇರಿಯ ಸಣ್ಣ ಸಂಬಳದ ಈ ಮನುಷ್ಯನಿಗೆ ಮಹತ್ವಾಕಾಂಕ್ಷೆ ಇಲ್ಲ. ಕಾಲ ಮಾತ್ರ ಅವನನ್ನು ಎಳೆದೊಯ್ಯುತ್ತದೆ. ಧೋತರದಿಂದ ಸೂಟಿಗೆ, ಹಳೆಯ ಸಂಪ್ರದಾಯದಿಂದ ಹೊಸ ಶೋಕಿಗೆ, ಮಕ್ಕಳ ಆಧುನಿಕ ಶಿಕ್ಷಣಕ್ಕೆ, ಹೆಂಡತಿ ನಂಬಿದ ಗುರುಗಳ ಸನ್ನಿಧಿಗೆ ಅವನು ಒಪ್ಪಿಯೋ ಒಪ್ಪದೆಯೋ ಸಾಗುತ್ತಾನೆ. ಸ್ವಾತಂತ್ರ್ಯದ ಹಿಂದುಮುಂದಿನ ದಶಕಗಳಲ್ಲಿ ನಗರದ ಕೆಳ ಮಧ್ಯಮ ವರ್ಗ ಹೇಗೆ ಬದಲಾಯಿತು ಎಂಬುದಕ್ಕೆ ಇದು ಸಮಾಜಶಾಸ್ತ್ರದ ಗ್ರಂಥದಷ್ಟೇ ಬೆಲೆಯುಳ್ಳ ಸಾಕ್ಷ್ಯ.

ಮೂರನೆಯದು ವ್ಯಕ್ತಿಚಿತ್ರ. 1962ರ ‘ವ್ಯಕ್ತಿ ಆಣಿ ವಲ್ಲೀ’ಗೆ 1965ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇದರಲ್ಲಿರುವವರು ದೊಡ್ಡವರಲ್ಲ. ಯಾರ ಮನೆಯ ಮದುವೆಯಾದರೂ ತನ್ನದೇ ಎಂಬಂತೆ ಓಡಾಡುವ ನಾರಾಯಣ, ಶಿವಾಜಿಯ ಕಾಲವನ್ನು ಕಣ್ಣಾರೆ ಕಂಡವರಂತೆ ಮಕ್ಕಳಿಗೆ ಬಣ್ಣಿಸುವ ಹರಿತಾತ್ಯಾ, ಗಿರಾಕಿಗಳ ಬಟ್ಟೆಯನ್ನು ತಾನೇ ತೊಟ್ಟು ತಿರುಗುವ ಅಗಸ ನಾಮೂ, ಓದಿದ ಪುಸ್ತಕಗಳ ಭಾಷೆಯಲ್ಲೇ ಮಾತಾಡುವ ಯುವಕ ಸಖಾರಾಮ ಗಟಣೆ, ವಿದ್ಯಾರ್ಥಿಗಳಿಗಾಗಿ ಬದುಕನ್ನೇ ಸವೆಸಿದ ಚಿತಳೆ ಮಾಸ್ತರ್, ರತ್ನಾಗಿರಿಯ ಓಣಿಯಲ್ಲಿ ಕೂತು ಲೋಕವನ್ನೆಲ್ಲ ಕೊಂಕು ಮಾತಿನಲ್ಲಿ ಅಳೆಯುವ ಮುದುಕ ಅಂತೂ ಬರ್ವಾ. ಅಂತೂ ಬರ್ವಾನ ಚುಚ್ಚುಮಾತುಗಳಿಗೆ ನಗುತ್ತ ಹೋದ ಓದುಗನಿಗೆ ಅವುಗಳ ಹಿಂದಿನ ಬಡತನ ಮತ್ತು ಒಂಟಿತನ ಸ್ವಲ್ಪ ತಡವಾಗಿ ಕಾಣುತ್ತದೆ. ಆ ತಡವೇ ಈ ಚಿತ್ರದ ಕಲೆ.

ನಾಲ್ಕನೆಯದು ಪ್ರವಾಸ ಕಥನ. ಇಂಗ್ಲೆಂಡ್ ಮತ್ತು ಫ್ರಾನ್ಸಿನ ನೆನಪುಗಳ ‘ಅಪೂರ್ವಾಈ’ 1960ರಲ್ಲಿ, ಆಗ್ನೇಯ ಏಷ್ಯಾ ಮತ್ತು ಜಪಾನ್ ಪ್ರವಾಸದ ‘ಪೂರ್ವರಂಗ’ 1963ರಲ್ಲಿ ಬಂದವು. ಪ್ರೇಕ್ಷಣೀಯ ಸ್ಥಳಗಳ ಪಟ್ಟಿ ಒಪ್ಪಿಸುವ ಪ್ರವಾಸ ಕಥನ ಇದಲ್ಲ. ಮೊದಲ ಬಾರಿಗೆ ವಿದೇಶಕ್ಕೆ ಹೊರಟ ಮಧ್ಯಮ ವರ್ಗದ ಗಂಡಹೆಂಡಿರ ಗಡಿಬಿಡಿ, ಬೀಳ್ಕೊಡಲು ಬಂದವರ ಉಪದೇಶ, ಪರದೇಶದ ಊಟ, ಅಪರಿಚಿತರ ಸೌಜನ್ಯ ಇವೇ ಅಲ್ಲಿನ ವಸ್ತು. ರವೀಂದ್ರರ ಮೇಲಿನ ಪ್ರೀತಿಯಿಂದ ಪು. ಲ. ಐವತ್ತರ ಆಸುಪಾಸಿನ ವಯಸ್ಸಿನಲ್ಲಿ ಶಾಂತಿನಿಕೇತನಕ್ಕೆ ಹೋಗಿ ಬಂಗಾಳಿ ಕಲಿತರು. ಆ ವಾಸದ ಫಲ 1974ರ ‘ವಂಗಚಿತ್ರೇ’.

ಬೆಳಗಾವಿಯ ರಾವಸಾಹೇಬ

ಕನ್ನಡಿಗರಿಗೆ ವಿಶೇಷವಾದ ಬರಹ ‘ರಾವಸಾಹೇಬ’. 1966ರ ‘ಗಣಗೋತ’ ಸಂಕಲನದಲ್ಲಿರುವ ಈ ವ್ಯಕ್ತಿಚಿತ್ರದ ನಾಯಕ ಬೆಳಗಾವಿಯ ಕೃಷ್ಣರಾವ್ ಹರಿಹರ. ಥಿಯೇಟರ್ ನಡೆಸುತ್ತಿದ್ದ, ಸಂಗೀತ ಮತ್ತು ನಾಟಕಕ್ಕೆ ಪ್ರಾಣ ಬಿಡುತ್ತಿದ್ದ, ಕಲಾವಿದರನ್ನು ಮನೆಗೆ ಕರೆದು ಉಣಿಸುತ್ತಿದ್ದ ರಸಿಕ. ಮಾತು ಒರಟು, ಬಾಯಲ್ಲಿ ಬೈಗುಳ ಧಾರಾಳ, ಒಳಗೆ ಬೆಣ್ಣೆಯಂಥ ಮನಸ್ಸು. ಅವರ ಮರಾಠಿಯ ಮೇಲೆ ಕನ್ನಡದ ಎಳೆತ ದಟ್ಟವಾಗಿತ್ತು.

ಬೇರೊಬ್ಬ ಹಾಸ್ಯಗಾರ ಈ ಬೆರಕೆ ಮಾತನ್ನು ಗೇಲಿಯ ವಸ್ತುವಾಗಿಸುತ್ತಿದ್ದ. ಪು. ಲ. ಹಾಗೆ ಮಾಡಲಿಲ್ಲ. ರಾವಸಾಹೇಬರ ಮಾತಿನ ಧಾಟಿಯನ್ನು ಹಾಗೆಯೇ ಇಟ್ಟು, ಅದು ಅವರ ವ್ಯಕ್ತಿತ್ವದಿಂದ ಬೇರ್ಪಡಿಸಲಾಗದ ಸೊಬಗು ಎಂದು ತೋರಿಸಿದರು. ಪು. ಲ. ಸ್ವತಃ ಓದಿದ ‘ರಾವಸಾಹೇಬ’ದ ಧ್ವನಿಮುದ್ರಣದಲ್ಲಿ ಆ ಗಡಿನಾಡಿನ ಮಾತಿನ ಗತ್ತು ಸ್ಪಷ್ಟವಾಗಿ ಕೇಳುತ್ತದೆ. ಮಹಾರಾಷ್ಟ್ರದ ಎಷ್ಟೋ ಕೇಳುಗರಿಗೆ ಬೆಳಗಾವಿಯ ಮೊದಲ ಪರಿಚಯವಾದದ್ದು ಈ ಬರಹದಿಂದ. ಎರಡು ರಾಜ್ಯಗಳ ನಡುವೆ ಗಡಿಯ ತಕರಾರು ಕಾವೇರಿದ್ದ ಕಾಲದಲ್ಲಿ ಒಬ್ಬ ಲೇಖಕ ಆ ಊರಿನ ಬೆರಕೆ ಬದುಕನ್ನು ಅಷ್ಟೊಂದು ಅಕ್ಕರೆಯಿಂದ ನೆನೆದದ್ದು ಸಣ್ಣ ಮಾತಲ್ಲ.

ನಗೆ ಹುಟ್ಟುವ ಬಗೆ

ಪು. ಲ. ಅವರ ಹಾಸ್ಯದ ಕಸುಬನ್ನು ಬಿಡಿಸಿ ನೋಡಿದರೆ ಕೆಲವು ಸೂತ್ರಗಳು ಕಾಣುತ್ತವೆ. ಒಂದು, ನಿರೂಪಕ ಸದಾ ಸೋಲುವವನು. ಅವನು ಎಲ್ಲರಿಗಿಂತ ಜಾಣನಾಗಿ ಎತ್ತರದಲ್ಲಿ ನಿಂತು ನಗುವುದಿಲ್ಲ. ಉಪವಾಸ ಮುರಿಯುವವನು, ಮಾತಿಗೆ ಮರುಳಾಗುವವನು, ಪೇಚಿಗೆ ಸಿಕ್ಕುವವನು ಅವನೇ. ಹೀಗಾಗಿ ಬೇರೆಯವರನ್ನು ಕುರಿತು ನಕ್ಕಾಗಲೂ ಅದರಲ್ಲಿ ಅಹಂಕಾರದ ವಾಸನೆ ಬರುವುದಿಲ್ಲ.

ಎರಡು, ವಿವರಗಳ ನಿಖರತೆ. ‘ಮ್ಹೈಸ’ ಎಂಬ ಪ್ರಸಿದ್ಧ ಕಥನದಲ್ಲಿ ಕೊಂಕಣದ ದಾರಿಯಲ್ಲಿ ಬಸ್ಸೊಂದು ಎಮ್ಮೆಗೆ ಡಿಕ್ಕಿ ಹೊಡೆಯುತ್ತದೆ. ನಡೆಯುವುದು ಇಷ್ಟೇ. ಆದರೆ ಡ್ರೈವರ್, ಕಂಡಕ್ಟರ್, ಪ್ರಯಾಣಿಕರು, ಎಮ್ಮೆಯ ಯಜಮಾನ, ಪುಢಾರಿ, ಪೊಲೀಸ್ ಒಬ್ಬೊಬ್ಬರಾಗಿ ಮಾತಿಗೆ ಇಳಿದಾಗ ಒಂದು ಇಡೀ ಸಮಾಜ ರಸ್ತೆಬದಿಯಲ್ಲಿ ನೆರೆಯುತ್ತದೆ. ಪ್ರತಿಯೊಬ್ಬನ ಮಾತೂ ಬೇರೆ, ಸ್ವಾರ್ಥವೂ ಬೇರೆ. ಲೇಖಕ ತೀರ್ಪು ಕೊಡುವುದಿಲ್ಲ, ಅವರೇ ತಮ್ಮನ್ನು ತೋರಿಸಿಕೊಳ್ಳುತ್ತಾರೆ.

ಮೂರು, ಊರಿನ ಗುಣವನ್ನು ಮಾತಿನಲ್ಲಿ ಹಿಡಿಯುವುದು. ‘ಮುಂಬಯಿಕರನೋ ಪುಣೇಕರನೋ ನಾಗಪುರಕರನೋ’ ಎಂಬರ್ಥದ ಹೆಸರಿನ ಅವರ ಹರಟೆ ಮೂರು ನಗರಗಳ ಸ್ವಭಾವವನ್ನು ಹೋಲಿಸುತ್ತದೆ. ಎಲ್ಲ ವಿಷಯದಲ್ಲೂ ಖಚಿತ ಅಭಿಪ್ರಾಯ ಇರಿಸಿಕೊಂಡು ವಾದಕ್ಕೆ ನಿಲ್ಲುವ ಪುಣೇಕರ ಅದರಲ್ಲಿ ಚಿರಸ್ಥಾಯಿಯಾಗಿದ್ದಾನೆ. ತಮ್ಮನ್ನು ಕುರಿತ ಈ ಚಿತ್ರವನ್ನು ಕೇಳಿ ಅತಿ ಹೆಚ್ಚು ನಕ್ಕವರು ಪುಣೆಯವರೇ.

ನಾಲ್ಕು, ನಗೆಯ ತಳದಲ್ಲಿರುವ ವಿಷಾದ. ಚಾಳ ಒಡೆಯುತ್ತದೆ, ಮಾಸ್ತರರು ಮುದುಕರಾಗುತ್ತಾರೆ, ರಸಿಕರು ಸಾಯುತ್ತಾರೆ. ಕಳೆದುಹೋಗುವುದನ್ನು ಉಳಿಸಬೇಕೆಂಬ ಹಂಬಲವೇ ಅವರ ಬರಹದ ಮೂಲ ಪ್ರೇರಣೆ. ನಗೆ ಅದಕ್ಕೆ ಸಿಕ್ಕ ಸಾಧನ.

ಏಕವ್ಯಕ್ತಿಯ ರಂಗ

1961ರಿಂದ ಪು. ಲ. ‘ಬಟಾಟ್ಯಾಚೀ ಚಾಳ’ವನ್ನು ಒಬ್ಬರೇ ರಂಗದ ಮೇಲೆ ತರತೊಡಗಿದರು. ಖಾಲಿ ವೇದಿಕೆಯಲ್ಲಿ ಒಬ್ಬ ಮನುಷ್ಯ ಚಾಳದ ಎಲ್ಲ ನಿವಾಸಿಗಳಾಗಿ ಬದಲಾಗುವ ಈ ಪ್ರಯೋಗ ಮರಾಠಿ ರಂಗಭೂಮಿಗೆ ಹೊಸದು. ವೇಷ ಬದಲಾಗುತ್ತಿರಲಿಲ್ಲ, ದನಿ, ನಿಲುವು, ಕತ್ತಿನ ಓಲಾಟ ಬದಲಾಗುತ್ತಿದ್ದವು. ‘ಅಸಾ ಮೀ ಅಸಾಮೀ’ಯೂ ಹೀಗೆ ಏಕವ್ಯಕ್ತಿ ಪ್ರದರ್ಶನವಾಯಿತು. ತಂಡದೊಡನೆ ಮಾಡಿದ ‘ವಾರ್‍ಯಾವರಚೀ ವರಾತ’ ಹಾಡು, ಪ್ರಹಸನ, ಹರಟೆ ಸೇರಿದ ಮನರಂಜನೆ.

ನಾಟಕಕಾರರಾಗಿಯೂ ಅವರ ಸಾಧನೆ ದೊಡ್ಡದು. 1957ರ ‘ತುಝೇ ಆಹೇ ತುಜಪಾಶೀ’ಯಲ್ಲಿ ಸುಖವನ್ನು ಒಪ್ಪಿಕೊಂಡು ಬಾಳುವ ಕಾಕಾಜಿಗೂ ವೈರಾಗ್ಯವನ್ನು ಹೇರಿಕೊಂಡ ಆಚಾರ್ಯನಿಗೂ ನಡುವೆ ಸಂಘರ್ಷ ನಡೆಯುತ್ತದೆ. ಗೊಗೊಲ್‌ನ ನಾಟಕದಿಂದ ‘ಅಂಮಲದಾರ’, ಬರ್ನಾರ್ಡ್ ಶಾ ಅವರ ‘ಪಿಗ್ಮೇಲಿಯನ್’ನಿಂದ ‘ತೀ ಫುಲರಾಣೀ’ ರೂಪುಗೊಂಡವು. ‘ತೀ ಫುಲರಾಣೀ’ಯಲ್ಲಿ ಲಂಡನ್ನಿನ ಹೂವಾಡಗಿತ್ತಿ ಮರಾಠಿಯ ಹುಡುಗಿಯೇ ಆಗಿಬಿಡುತ್ತಾಳೆ. ಉಪಭಾಷೆಗಳ ಮೇಲಿನ ಪು. ಲ. ಅವರ ಹಿಡಿತಕ್ಕೆ ಇದು ಒಳ್ಳೆಯ ಸಾಕ್ಷಿ.

ಸಂಗೀತ ಮತ್ತು ಕನ್ನಡ ನೆಲದ ಗೆಳೆಯರು

1953ರ ‘ಗುಳಾಚಾ ಗಣಪತೀ’ ಚಿತ್ರಕ್ಕೆ ಕಥೆ, ಸಂಭಾಷಣೆ, ಸಂಗೀತ, ನಿರ್ದೇಶನ, ನಾಯಕನ ಪಾತ್ರ ಎಲ್ಲವೂ ಪು. ಲ. ಅವರದೇ. ಅದರಲ್ಲಿ ಗ. ದಿ. ಮಾಡಗೂಳಕರರು ಬರೆದ ‘ಇಂದ್ರಾಯಣೀ ಕಾಠೀ’ ಎಂಬ ಅಭಂಗ ಧಾಟಿಯ ಹಾಡಿಗೆ ರಾಗ ಹಾಕಿದವರು ಪು. ಲ., ಹಾಡಿದವರು ಗದಗಿನ ಭೀಮಸೇನ ಜೋಶಿ. ಭಕ್ತಿ ಸಂಗೀತ ಕೇಳುವ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ಈ ಹಾಡು ಗೊತ್ತು. ಅದರ ಸಂಯೋಜಕ ಒಬ್ಬ ಹಾಸ್ಯ ಲೇಖಕ ಎಂಬುದು ಗೊತ್ತಿರುವುದು ಕಡಿಮೆ. ಅದೇ ವರ್ಷದ ‘ದೇವಬಾಪ್ಪಾ’ ಚಿತ್ರದಲ್ಲಿ ಆಶಾ ಭೋಸಲೆ ಹಾಡಿದ ‘ನಾಚ ರೇ ಮೋರಾ’ ಇಂದಿಗೂ ಮರಾಠಿ ಮಕ್ಕಳ ಬಾಯಲ್ಲಿದೆ. ಅದರ ಸಂಗೀತವೂ ಅವರದೇ.

ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ ಶಿವಪುತ್ರ ಕೊಂಕಾಳಿಮಠರಾಗಿ ಹುಟ್ಟಿದ ಕುಮಾರ ಗಂಧರ್ವರು ಪು. ಲ. ಅವರ ಜೀವದ ಗೆಳೆಯರು. ಸಂಗೀತಗಾರರನ್ನು ಕುರಿತು ಪು. ಲ. ಬರೆದ ಲೇಖನಗಳಲ್ಲಿ ಶಾಸ್ತ್ರಚರ್ಚೆಗಿಂತ ಕೇಳಿದವನ ಕೃತಜ್ಞತೆ ಹೆಚ್ಚು. 1975ರ ‘ಗುಣ ಗಾಈನ ಆವಡೀ’ ಇಂಥ ಗುಣಗ್ರಾಹಿ ಚಿತ್ರಗಳ ಸಂಕಲನ.

ಸಾರ್ವಜನಿಕ ಬದುಕು

ಪು. ಲ. ನಗಿಸುವವರಾಗಿದ್ದರೂ ನಾಗರಿಕ ಹೊಣೆಯಿಂದ ದೂರ ಉಳಿಯಲಿಲ್ಲ. ತುರ್ತು ಪರಿಸ್ಥಿತಿಯನ್ನು ವಿರೋಧಿಸಿದ ಅವರು 1977ರ ಚುನಾವಣೆಯಲ್ಲಿ ಜನತಾ ಪಕ್ಷದ ಪರವಾಗಿ ಊರೂರು ಸುತ್ತಿ ಭಾಷಣ ಮಾಡಿದರು. ಚುನಾವಣೆ ಮುಗಿದ ಮೇಲೆ ಅಧಿಕಾರದ ಹತ್ತಿರ ಸುಳಿಯದೆ ಬರಹಕ್ಕೆ ಮರಳಿದರು. 1974ರಲ್ಲಿ ಇಚಲಕರಂಜಿಯಲ್ಲಿ ನಡೆದ ಮರಾಠಿ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರು. ಪದ್ಮಶ್ರೀ (1966), ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ (1967), ಪದ್ಮಭೂಷಣ (1990) ಅವರಿಗೆ ಸಂದವು. ಮಹಾರಾಷ್ಟ್ರ ಸರ್ಕಾರದ ಅತ್ಯುನ್ನತ ‘ಮಹಾರಾಷ್ಟ್ರ ಭೂಷಣ’ ಪ್ರಶಸ್ತಿ ಸ್ಥಾಪನೆಯಾದಾಗ, 1996ರಲ್ಲಿ ಅದನ್ನು ಪಡೆದ ಮೊದಲಿಗರು ಅವರೇ.

ಪ್ರದರ್ಶನ ಮತ್ತು ಪುಸ್ತಕಗಳಿಂದ ಬಂದ ಹಣದ ದೊಡ್ಡ ಭಾಗವನ್ನು ದಂಪತಿ ತಮ್ಮ ಪ್ರತಿಷ್ಠಾನದ ಮೂಲಕ ಸಮಾಜಕ್ಕೆ ಹಿಂತಿರುಗಿಸಿದರು. 1986ರಲ್ಲಿ ಡಾ. ಅನಿತಾ ಅವಚಟ್ ಮತ್ತು ಡಾ. ಅನಿಲ ಅವಚಟ್ ಪುಣೆಯಲ್ಲಿ ವ್ಯಸನಮುಕ್ತಿಗಾಗಿ ‘ಮುಕ್ತಾಂಗಣ’ ಕೇಂದ್ರ ಆರಂಭಿಸಿದಾಗ ಅದಕ್ಕೆ ನೆರವಾದವರು ಪು. ಲ. ದಂಪತಿ. ಬಾಬಾ ಆಮ್ಟೆಯವರ ಆನಂದವನದೊಡನೆಯೂ ಅವರಿಗೆ ಗಾಢ ಸಂಬಂಧವಿತ್ತು. 1968ರಲ್ಲಿ ತೆರೆದ ಪುಣೆಯ ಬಾಲಗಂಧರ್ವ ರಂಗಮಂದಿರದ ಯೋಜನೆಗೆ ಪು. ಲ. ಮಾರ್ಗದರ್ಶನ ಮಾಡಿದ್ದರು. ಕಲಾವಿದನಿಗೂ ಪ್ರೇಕ್ಷಕನಿಗೂ ಅನುಕೂಲವಾಗುವಂತೆ ನಾಟಕಮಂದಿರ ಹೇಗಿರಬೇಕೆಂಬುದು ಇಬ್ಬರ ಜಾಗದಲ್ಲೂ ಕೂತು ಬಲ್ಲ ಅವರಿಗೆ ಗೊತ್ತಿತ್ತು.

ಕೊನೆಯ ವರ್ಷಗಳಲ್ಲಿ ಪಾರ್ಕಿನ್ಸನ್ ಕಾಯಿಲೆ ಅವರನ್ನು ಕಾಡಿತು. 2000ದ ಜೂನ್ 12ರಂದು, ಮದುವೆಯ 54ನೆಯ ವಾರ್ಷಿಕ ದಿನವೇ, ಪುಣೆಯಲ್ಲಿ ಅವರು ತೀರಿಕೊಂಡರು. ಸುನೀತಾ 2009ರ ನವೆಂಬರ್ 7ರಂದು ನಿಧನರಾದರು.

ಕನ್ನಡದ ಬದಿಯಿಂದ

ಪು. ಲ. ಮಾಡಿದ 
ಕೆಲಸಕ್ಕೆ ಕನ್ನಡದಲ್ಲಿ ಸಮಾನಾಂತರಗಳಿವೆ. ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ನಮ್ಮ ಊರಿನ ರಸಿಕರು’ ‘ವ್ಯಕ್ತಿ ಆಣಿ ವಲ್ಲೀ’ಯ ಹತ್ತಿರದ ನೆಂಟ. ಅವರ ಹಾಸ್ಯಮಯ ಪ್ರವಾಸ ಕಥನ ‘ಅಮೆರಿಕಾದಲ್ಲಿ ಗೊರೂರು’ 1980ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಬೀಚಿಯವರು ‘ನನ್ನ ಭಯಾಗ್ರಫಿ’ಯಲ್ಲಿ ಬಡತನದ ಬಾಲ್ಯವನ್ನೂ ನಗೆಯಾಗಿಸಿದರು. ಮೈಸೂರಿನಲ್ಲಿ 1935ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಬಾನುಲಿಯ ಸುತ್ತ ನಾ. ಕಸ್ತೂರಿಯವರಂಥ ಹಾಸ್ಯ ಲೇಖಕರಿದ್ದರು. 1950ರಲ್ಲಿ ಆರಂಭವಾದ ಧಾರವಾಡ ಆಕಾಶವಾಣಿಯಲ್ಲಿ ಎನ್ಕೆ ಕುಲಕರ್ಣಿಯವರು ಅಲ್ಲಿನ ಆಡುಮಾತಿನ ನಗೆಯನ್ನು ಕೇಳುಗರ ಮನೆಗೆ ಮುಟ್ಟಿಸಿದರು. ಬರಹ, ಬಾನುಲಿ, ರಂಗ, ಸಂಗೀತ ನಾಲ್ಕನ್ನೂ ಒಬ್ಬರೇ ನಿಭಾಯಿಸಿ, ನಾಲ್ಕರಲ್ಲೂ ಜನರ ಪ್ರೀತಿ ಗಳಿಸಿದ್ದು ಪು. ಲ. ಅವರ ವಿಶೇಷ.

ಹಾಸ್ಯ ಬರಹಕ್ಕೆ ಸಾಹಿತ್ಯದಲ್ಲಿ ಎರಡನೆಯ ಸಾಲಿನ ಮಣೆ ಹಾಕುವ ರೂಢಿ ಕನ್ನಡದಲ್ಲೂ ಮರಾಠಿಯಲ್ಲೂ ಇದೆ. ಪು. ಲ. ಅವರ ಬರಹ ಈ ರೂಢಿ ತಪ್ಪು ಎಂದು ತೋರಿಸುತ್ತದೆ. ಇತಿಹಾಸ ಲೆಕ್ಕಕ್ಕೆ ತೆಗೆದುಕೊಳ್ಳದ ಅಗಸ, ಕಾರಕೂನ, ಶಾಲೆ ಮಾಸ್ತರ, ಟಾಕೀಸಿನ ಯಜಮಾನ ಇವರೆಲ್ಲ ತಮ್ಮ ಸ್ವಂತ ಮಾತಿನೊಡನೆ ಉಳಿದುಕೊಂಡದ್ದು ಒಬ್ಬ ನಗೆಗಾರ ಅವರನ್ನು ಗೌರವದಿಂದ ನೆನೆದದ್ದರಿಂದ. ಮರಾಠಿ ಬಲ್ಲ ಗಡಿನಾಡಿನ ಕನ್ನಡಿಗರು ‘ರಾವಸಾಹೇಬ’ದಿಂದ ಆರಂಭಿಸಿ ಅವರನ್ನು ಓದಬೇಕು. ಸಾಧ್ಯವಾದರೆ ಮೊದಲು ಅವರ ದನಿಯಲ್ಲೇ ಕೇಳಬೇಕು.